ಪಿಹ್ಲಾ ಕೂರುತ್ತಿದ್ದ ಜಾಗ

ಈಸಾಲ್ಮಿ
ಮಾರ್ಚ್ ೧೬, ಭಾನುವಾರ

ಪ್ರೀತಿಯ ಸೈಮಿ,

ನಿನ್ನ ಕಾಗದ ಬಂದು ಏಳು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಮೊದಲ ಐದು ವಾರದ್ದು ಬರೀ ಸೋಮಾರಿತನ, ಒಪ್ಪಿಕೊಳ್ಳುತ್ತೇನೆ. ಆಮೇಲಿನದಕ್ಕೆ ಕಾರಣವಿದೆ. ನಿನ್ನ ಮೊಣಕಾಲು ಹೇಗಿದೆ? ನಿಮ್ಮ ಹ್ಯಾಂಕೋದಲ್ಲಿ ಇಷ್ಟು ಹೊತ್ತಿಗೆ ಹಿಮ ಕರಗಿ ನೆಲ ಕಾಣುತ್ತಿರಬೇಕು. ನಮ್ಮ ಶಾಲೆಯ ಅಂಗಳದಲ್ಲಿ ಹಿಮ ಇನ್ನೂ ಮಕ್ಕಳ ಸೊಂಟದವರೆಗಿದೆ.

ನನ್ನ ಸೋಫಾ ಸಂಸಾರ ಹೇಗೆ ನಡೆದಿದೆ ಎಂದು ಕೇಳಿದ್ದೀಯ. ತರಗತಿಯ ಡೆಸ್ಕುಗಳನ್ನೆಲ್ಲ ನಾನು ಹೊರಗೆ ಹಾಕಿಸಿದ ದಿನ, ನೀನು ಸ್ಟಾಫ್ ರೂಮಿನಲ್ಲಿ ಕಾಫಿ ಹೀರುತ್ತಾ, "ಬಿಡೇ, ಇನ್ಮೇಲೆ ಮಕ್ಳು ಮಲ್ಕೊಂಡೇ ಮಗ್ಗಿ ಕಲೀತಾರೆ" ಅಂದಿದ್ದೆ. ನಿವೃತ್ತಿಗೆ ಮುಂಚಿನ ಕೊನೆಯ ವಾರದಲ್ಲಿ ಆ ಡೆಸ್ಕುಗಳಲ್ಲೊಂದನ್ನು ಸಸಿ ಇಡಲಿಕ್ಕೆಂದು ಕಾರಿನ ಹಿಂದೆ ತುಂಬಿಕೊಂಡೂ ಹೋದೆ. ಹೇಳಿದರೆ ನಿನಗೆ ಕೋಪ ಬರಬಹುದು, ಮಕ್ಕಳು ಮಲಗಿಕೊಂಡೇ ಚೆನ್ನಾಗಿ ಕಲಿತರು. ಒಂದು ಸೋಫಾ, ಆರು ದೊಡ್ಡ ಚೆಂಡು, ಸ್ಟೂಲುಗಳು, ನಿಂತು ಬರೆಯಲು ಎರಡು ಎತ್ತರದ ಮೇಜು, ಕಿಟಕಿಯ ಕಟ್ಟೆಯ ಮೇಲೆ ದಿಂಬು. ಬೆಳಗ್ಗೆ ಬಂದವರು ಬಂದ ಹಾಗೆ ಬೇಕಾದಲ್ಲಿ ಕೂರಬೇಕು. "ಇದು ನನ್ನದು" ಎನ್ನುವಂತಿಲ್ಲ. ಅದೊಂದೇ ನಿಯಮ, ಬೋರ್ಡಿನ ತಲೆಯ ಮೇಲೆ ನೀಲಿ ಅಕ್ಷರದಲ್ಲಿ ನಾನೇ ಬರೆದದ್ದು. ಬೇರೆ ಊರಿನ ಶಿಕ್ಷಕರು ನೋಡಲು ಬರುತ್ತಿದ್ದರು. ನನಗೆ ಜಂಬವೂ ಇತ್ತು.

ಸ್ಕೀ ರಜೆಯಲ್ಲಿ ನನ್ನ ತರಗತಿಯ ಪಿಹ್ಲಾ ಎಂಬ ಹುಡುಗಿ ತೀರಿಕೊಂಡಳು. ಒಂಬತ್ತು ವರ್ಷ. ಬುಧವಾರ ಜ್ವರ ಬಂತು, ಶುಕ್ರವಾರ ಬೆಳಗ್ಗೆ ಇರಲಿಲ್ಲ. ಮಿದುಳಿನ ಪೊರೆಗೆ ಸೋಂಕಾಗಿತ್ತಂತೆ. ಮುಖ್ಯೋಪಾಧ್ಯಾಯ ರೈಮೋ ಫೋನ್ ಮಾಡಿದಾಗ ಒಣಗಿದ ಬಟ್ಟೆ ಮಡಚುತ್ತಿದ್ದೆ. ಫೋನ್ ಇಟ್ಟು ಉಳಿದದ್ದನ್ನೂ ಮಡಚಿದೆ. ನಾನು ಇನ್ನೂ ಅತ್ತಿಲ್ಲ ಸೈಮಿ. ಅಳು ಬರುತ್ತಿಲ್ಲ.

ರಜೆ ಮುಗಿದ ಸೋಮವಾರ ಶಾಲೆಯ ಬಾವುಟ ಅರ್ಧಕ್ಕೆ ಇಳಿದಿತ್ತು. ರೈಮೋ ಬಿಳಿ ಬಟ್ಟೆ, ಅವಳ ಫೋಟೊ, ಮೇಣದಬತ್ತಿ ಹಿಡಿದು ಬಾಗಿಲಿಗೆ ಬಂದ.

"ಅವಳ ಡೆಸ್ಕ್ ಯಾವ್ದು ಹಿಲ್ಕಾ?"

"ಡೆಸ್ಕ್ ಎಲ್ಲಿದೆ ರೈಮೋ?"

"ಅಯ್ಯೋ, ಹೌದಲ್ಲ" ಅಂದ. ನಿನ್ನ ತರಗತಿಯ ಏರೋ ತೀರಿಕೊಂಡ ವರ್ಷ ಅವನ ಡೆಸ್ಕಿನ ಮೇಲೆ ಬೇಸಿಗೆಯವರೆಗೂ ಮೇಣದಬತ್ತಿ ಇತ್ತು, ನೆನಪಿದೆಯಾ? ಮಕ್ಕಳು ಅದರ ಹತ್ತಿರ ಹೋಗಿ ಮಾತಾಡಿ ಬರುತ್ತಿದ್ದರು. ಈ ಸಲ ಎಲ್ಲವನ್ನೂ ಪುಸ್ತಕದ ಕಪಾಟಿನ ಮೇಲೆ, ಅಟ್ಲಾಸುಗಳ ಪಕ್ಕ ಇಟ್ಟೆವು. ಮಕ್ಕಳು ಬಂದು ತಮಗೆ ಬೇಕಾದಲ್ಲಿ ಕೂತರು. ಒಬ್ಬಳು ಕಡಿಮೆಯಾಗಿದ್ದಾಳೆಂದು ಕೋಣೆಯನ್ನು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ.

ಗುರುವಾರ ಊಟದ ಬಿಡುವಿನಲ್ಲಿ ಅವಳ ತಾಯಿ ಸಾತು ಬಂದಳು. ಕಾರಿಡಾರಿನ ತುಂಬ ಬಟಾಣಿ ಸೂಪಿನ ವಾಸನೆ. ಮಗಳ ಹೆಸರಿದ್ದ ಕೊಕ್ಕೆಯಿಂದ ಉಣ್ಣೆಯ ಕಾಲುಚೀಲಗಳಿದ್ದ ಚೀಲ ತೆಗೆದುಕೊಂಡಳು. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದು, "ಅವಳು ಕೂರ್ತಿದ್ದ ಜಾಗ ತೋರ್ಸ್ತೀರಾ? ಒಂದೈದು ನಿಮಿಷ ಕೂತ್ಕೊಂಡು ಹೋಗ್ತೀನಿ" ಅಂದಳು.

ಇಪ್ಪತ್ತೇಳು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹಳೆಯ ತರಗತಿಗಳಲ್ಲಿ ಯಾರು ಎಷ್ಟನೆಯ ಸಾಲಿನಲ್ಲಿದ್ದರೆಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಪಿಹ್ಲಾ ಎಲ್ಲಿ ಕೂರುತ್ತಿದ್ದಳೆಂದು ನನಗೆ ಹೊಳೆಯಲಿಲ್ಲ. ಕಿಟಕಿಯ ಹಸಿರು ದಿಂಬು ತೋರಿಸಿದೆ.

ಸಾತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಇಲ್ಲಿಂದ ಏನ್ ನೋಡ್ತಿದ್ಲು?"

"ಸ್ಕೇಟಿಂಗ್ ಮಾಡೋವ್ರನ್ನ" ಅಂದೆ.

ಗಂಟೆ ಹೊಡೆಯುವವರೆಗೂ ಅವಳು ಹೊರಗೆ ನೋಡುತ್ತಿದ್ದಳು. ಏಳುವಾಗ ದಿಂಬನ್ನು ತಟ್ಟಿ ಸರಿಮಾಡಿ, "ಒಳ್ಳೇ ಜಾಗ ಕೊಟ್ಟಿದ್ರಿ. ಮನೇಲಿ ಹೇಳೇ ಇರ್ಲಿಲ್ಲ ನೋಡಿ" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ತಲೆಯಾಡಿಸಿದೆ.

ಅವಳು ಆಚೆ ಹೋಗುತ್ತಿದ್ದಂತೆ ಮಕ್ಕಳು ಬಂದರು. ಹೆಲ್ಮಿ ಎಂಬ ಹುಡುಗಿ ಎಲ್ಲವನ್ನೂ ಬಾಗಿಲಿನ ಗಾಜಿನಿಂದ ನೋಡಿದ್ದಳು.

"ಟೀಚರ್, ಪಿಹ್ಲಾ ಯಾವತ್ತೂ ಅಲ್ಲಿ ಕೂತಿಲ್ಲ."

"ಮತ್ತೆ ಎಲ್ಲಿ ಕೂರ್ತಿದ್ಲು?"

"ಅವ್ಳು ಕಾಯ್ತಿದ್ಲು. ಎಲ್ರೂ ಕೂತ್ಮೇಲೆ ಉಳಿದಿದ್ರಲ್ಲಿ ಕೂರ್ತಿದ್ಲು." ಗಂಟೆ ಎಷ್ಟಾಯಿತೆಂದು ಹೇಳುವ ಹಾಗೆ ಹೇಳಿ, ಹೋಗಿ ಚೆಂಡಿನ ಮೇಲೆ ಕೂತಳು. ಆಮೇಲೆ ನಾನು ಭಾಗಾಕಾರ ಹೇಳಿಕೊಟ್ಟೆ.

ಸಾತುವಿಗೆ ನಿಜ ಹೇಳಬೇಕೇ ಬೇಡವೇ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಹೇಳಿದರೆ ಆ ಕಿಟಕಿಯೂ ಅವಳ ಕೈ ತಪ್ಪುತ್ತದೆ. ಹೇಳದಿದ್ದರೆ ಮುಂದಿನ ಗುರುವಾರವೂ ಬಂದು ಅಲ್ಲೇ ಕೂರುತ್ತಾಳೆ, ಬರುತ್ತೇನೆಂದು ಹೇಳಿ ಹೋಗಿದ್ದಾಳೆ. ನೀನು ಯಾವತ್ತೂ ನನ್ನನ್ನು ಮುಲಾಜಿಲ್ಲದೆ ಬೈದವಳು. ಈಗಲೂ ಏನು ಮಾಡಬೇಕೆಂದು ನೇರವಾಗಿ ಬರೆ.

ಇನ್ನೊಂದು ಕೇಳಿಕೊಳ್ಳುವುದಿದೆ. ನೀನು ಒಯ್ದ ಆ ಡೆಸ್ಕು ಇನ್ನೂ ಗಟ್ಟಿಯಾಗಿದ್ದರೆ ಮಣ್ಣು ಒರೆಸಿ ಕಳಿಸಿಕೊಡು. ನಿನ್ನ ತಮ್ಮನ ವ್ಯಾನು ಏಪ್ರಿಲ್‌ನಲ್ಲಿ ಈ ಕಡೆ ಬರುತ್ತದಲ್ಲ. ಸಸಿಗಳಿಗೆ ಬೇರೆ ಏನಾದರೂ ನೋಡಿಕೊ. ರೈಮೋ ಯಾಕೆಂದು ಕೇಳಿದ್ದಕ್ಕೆ ಮೇಣದಬತ್ತಿ ಇಡಲಿಕ್ಕೆ ಎಂದಿದ್ದೇನೆ.

ಕಾಲು ಜೋಪಾನ, ಮಂಜುಗಡ್ಡೆಯ ಮೇಲೆ ಓಡಾಡಬೇಡ. ಬೇಸಿಗೆಯ ಬೆಳಕು ನಿನ್ನ ಮನೆಗೆ ಬೇಗ ಬರಲಿ, ನೆಮ್ಮದಿಯಾಗಿರು.

ನಿನ್ನ
ಹಿಲ್ಕಾ

ಮ.ಬ.: ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ. ನವೆಂಬರಿನಲ್ಲಿ ಒಂದು ದಿನ ಎಲ್ಲರೂ ಹೋದ ಮೇಲೆ ಪಿಹ್ಲಾ ನನ್ನ ಮೇಜಿನ ಹತ್ತಿರ ಬಂದಳು. ಕೈಯಲ್ಲಿ ಒಂದು ತುಂಡು ಅಂಟುಪಟ್ಟಿ, ಅದರ ಮೇಲೆ ಪೆನ್ಸಿಲಿನಲ್ಲಿ ಅವಳ ಹೆಸರು. "ಟೀಚರ್, ಇದನ್ನ ಒಂದು ಸ್ಟೂಲಿಗೆ ಅಂಟಿಸ್ಲಾ? ಅಲ್ಲಾಡೋ ಸ್ಟೂಲ್ ಆದ್ರೂ ಪರ್ವಾಗಿಲ್ಲ" ಅಂದಳು. ನಾನು ಬೋರ್ಡಿನ ಮೇಲಿನ ನೀಲಿ ಅಕ್ಷರ ತೋರಿಸಿ, "ಇಲ್ಲಿ ಯಾವ್ದೂ ಯಾರ್ದೂ ಅಲ್ಲ ಪುಟ್ಟಾ, ಅದೇ ಚೆಂದ" ಅಂದೆ. "ಸರಿ" ಅಂದಳು. ಪಟ್ಟಿ ಬೆರಳಿಗೆ ಅಂಟಿಕೊಂಡಿತ್ತು, ಎಲ್ಲಿ ಹಾಕಲಿ ಎಂದು ಕೇಳಿದಳು. ಕಸದ ಬುಟ್ಟಿ ತೋರಿಸಿದೆ.