ಕೊಟ್ಟಿಗೆಯ ಕೊನೆಯ ಮೊಳೆ

ಕೊರ್ಬಿನಿಯನ್ ಅಣ್ಣಾ,

ನಾನೇ ಗೆದ್ದೆ ಕಣೋ! ಕಳಿಸಿದರೆ ಜಂಭ ಎನ್ನುತ್ತೀಯ, ಅದಕ್ಕೇ ಈ ಕಾಗದ ಕಳಿಸುವುದಿಲ್ಲ. "ಸಗಣಿ ವಾಸನೆ ಹೊಡೆಯೋ ಈ ಬೆಟ್ಟದೂರಿಗೆ ಸ್ಕೀ ಆಡೋಕೆ ಯಾರು ಬರ್ತಾರೆ?" ಎಂದು ಹಂಗಿಸಿ ಕೆಳಗಿನ ಪೇಟೆಯಲ್ಲಿ ಹೋಟೆಲು ತೆರೆದೆಯಲ್ಲ, ಹೋದ ವರ್ಷ ಅಲ್ಲಿ ಉಳಿದಿದ್ದ ದಂಪತಿ ಈ ಸಲ ನಮ್ಮನೆಯ ಬಾಡಿಗೆ ಕೋಣೆ ಹುಡುಕಿಕೊಂಡು ಬಂದರು.

"ರಾತ್ರಿ ಹಾಡು, ಕುಣಿತ ಏನೂ ಇಲ್ವಾ?" ಎಂದು ಗಂಡ ಕೇಳಿದ.

"ಹಸು ಮೆಲುಕು ಹಾಕೋದು ಕೇಳ್ಸುತ್ತೆ, ಅಷ್ಟೇ."

"ಸದ್ಯ, ಬದುಕ್ಕೊಂಡೆ!" ಎಂದ.

ಅವರ ಒದ್ದೆ ಬೂಟುಗಳನ್ನು ಅಪ್ಪ ಮಾಡುತ್ತಿದ್ದಂತೆ ಕೊಟ್ಟಿಗೆಯಲ್ಲಿ, ಹಸುಗಳ ನೆತ್ತಿಯ ಮೇಲೆ, ಅವುಗಳ ಬಿಸಿಯುಸಿರು ತಾಗುವ ತೊಲೆಯ ಮೊಳೆಗಳಿಗೆ ನೇತುಹಾಕಿದೆ. ಬೆಳಿಗ್ಗೆ ಕಾಲು ತೂರಿಸಿದ ಹೆಂಡತಿ, "ಅಯ್ಯೋ, ಈಗಷ್ಟೇ ಬೇಯಿಸಿ ತೆಗೆದ ಬ್ರೆಡ್ಡಿನ ಹಾಗಿದೆ!" ಎಂದು ನಕ್ಕಳು. ಮುಂದಿನ ಚಳಿಗಾಲಕ್ಕೂ ಕೋಣೆ ಕಾದಿರಿಸಿದ್ದಾರೆ.

ಮನೆ ತುಂಬಿದೆ, ತೊಲೆಯ ಮೊಳೆಗಳೂ ತುಂಬಿವೆ. ಕೊನೆಯದನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ನಿನ್ನ ಹಳೆಯ ಬೂಟು ಅಲ್ಲೇ ಇದೆ, ಬೆಚ್ಚಗಿದೆ.

ನೊಟ್ಬುರ್ಗಾ