ಏಳನೆಯ ಭಾಗದಿಂದ

ಮಂಗಳವಾರ, ಜೂನ್ ೧೧

ಹೆಬ್ಬೆರಳು ಇನ್ನೂ ನೋಯುತ್ತಿದೆ. ಇವರ ಮಗಳು ಆಡುವ ವಿಡಿಯೋ ಗೇಮಿನಲ್ಲಿ ಹನ್ನೊಂದು ಭಾಗಗಳಿವೆಯಂತೆ, ಒಂದೊಂದೂ ಬೇರೆ ಕಥೆ. ನಾನು ಅ ಆ ಇ ಈ ಕಲಿಯುವವಳ ಹಾಗೆ ಒಂದನೆಯದರಿಂದಲೇ ಹಿಡಿದು, ವಾರವಿಡೀ ಅದರಲ್ಲಿನ ಒಂದೇ ಸೇತುವೆಯಿಂದ ಬಿದ್ದು ಸತ್ತೆ. ಇವತ್ತು ಅವಳು ನೋಡಿಬಿಟ್ಟಳು.

"ಅಯ್ಯೋ, ಒಂದರಿಂದ ಯಾರಾದ್ರೂ ಶುರು ಮಾಡ್ತಾರಾ? ಏಳನೇದು ಹಾಕಿ. ಅದ್ರಲ್ಲಿ ನಾಯಕಿಗೂ ಆ ಊರು ಹೊಸದು. ಎಲ್ಲಾ ನಿಧಾನಕ್ಕೆ ಹೇಳ್ಕೊಡ್ತಾರೆ."

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಹೂಂ, ಊಹೂಂ ಬಿಟ್ಟು ಬೇರೆ ಮಾತಾಡಿದ್ದು ಇದೇ ಮೊದಲು. ಆಮೇಲೆ ನನ್ನ ಆಟಕ್ಕೆಂದು ಬೇರೆ ಖಾತೆ ತೆರೆದಳು. ಹೆಸರು ಕೇಳಿದ ಜಾಗದಲ್ಲಿ, ನನ್ನನ್ನು ಕೇಳದೆಯೇ, 'ಚಿಕ್ಕಮ್ಮ' ಎಂದು ಒತ್ತಿದಳು. ಈವರೆಗೆ ನನ್ನನ್ನು ಏನೆಂದೂ ಕರೆದಿರಲಿಲ್ಲ.

ಏಳರಲ್ಲೂ ಒಂದು ಸೇತುವೆ ಇದೆಯಂತೆ. ಇರಲಿ ಬಿಡು. ಬಿದ್ದರೂ ಬೀಳುವವಳು ಚಿಕ್ಕಮ್ಮ ತಾನೇ.