ಇನ್ನೂರ ಹನ್ನೆರಡು ಕುರಿ ಮತ್ತು ನಿಮ್ಮ ‘ಸ್ವಇಚ್ಛೆ’

ರಾಜೇಶ್ವರ, ೧೦ ಮಾರ್ಚ್ ೧೯೮೭

ಪರದೇಶಕ್ಕೆ ದುಡಿಯಲು ಹೋದವರ ಅಹವಾಲು ಕೇಳಲೆಂದೇ ಹುಮನಾಬಾದಿನಲ್ಲಿ ಕುರ್ಚಿ ಹಾಕಿಸಿಕೊಂಡ ಮಾನ್ಯ ಅಧಿಕಾರಿಗಳೇ,

ಕೊಹಿನೂರಿನ ಕುರಿಗಾರ ಪಂಡರಿ ಪರದೇಶಕ್ಕೆ ಹೊರಟಾಗ ಅವನಿಗೆ ಹೇಳಿದ್ದು: ಎಣ್ಣೆ ಕಂಪನಿಯ ಅಡುಗೆಮನೆಗೆ ಸೇರಿದ ಕುರಿ ಕಾಯುವ ಕೆಲಸ, ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ, ಪಾಸ್‌ಪೋರ್ಟ್ ಅವನ ಕೈಯಲ್ಲೇ, ಕಷ್ಟ ಬಂದರೆ ಸರ್ಕಾರ ಬೆನ್ನಿಗೆ. ಸಿಕ್ಕಿದ್ದು: ಕುರಿ. ಮೂರು ವರ್ಷವಾಯಿತು, ರಜೆ ಇಲ್ಲ. ಪಾಸ್‌ಪೋರ್ಟ್ ಕಂಪನಿಯ ಪೆಟ್ಟಿಗೆಯಲ್ಲಿ. ಬೆನ್ನಿಗೆ ಸರ್ಕಾರದ ಬದಲು ತೋಪಿನ ಬಾಯಿ.

ಆ ದೇಶದವರು ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದಾರೆ. ಒಂದು ಕಡೆ ರಾಜಧಾನಿಯ ಸೇನೆ, ಇನ್ನೊಂದು ಕಡೆ ಬಂಡಾಯದ ಸೇನೆ. ಜನರ ವಿಮೋಚನೆಗಾಗಿ ಎಂದು ಇಬ್ಬರೂ ಹೇಳುತ್ತಾರೆ. ಆದರೆ ಎಣ್ಣೆ ಸಿಗದ ಊರಿನ ಜನರನ್ನು ವಿಮೋಚನೆ ಮಾಡಲು ಇಬ್ಬರಿಗೂ ಪುರಸೊತ್ತಿಲ್ಲ! ಪಂಡರಿ ಇರುವ ಮರುಭೂಮಿಯ ಎಣ್ಣೆಬಾವಿ ಐದು ತಿಂಗಳಲ್ಲಿ ನಾಲ್ಕು ಸಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಅದೇ ಐದು ತಿಂಗಳಲ್ಲಿ ಅವನ ಹೆಂಡತಿ ಧೂಳಮ್ಮ ಕೊಟ್ಟ ಅರ್ಜಿ ನಿಮ್ಮ ಮೇಜಿನಿಂದ ಪಕ್ಕದ ಮೇಜಿಗೆ ಹೋಗಲಿಲ್ಲ. ನಿಮ್ಮನ್ನೇ ಎರಡೂ ಸೇನೆಗೆ ದಂಡನಾಯಕರನ್ನಾಗಿ ಕಳಿಸಿದ್ದರೆ ಯುದ್ಧ ಶುರುವೇ ಆಗುತ್ತಿರಲಿಲ್ಲ.

“ನಿನ್ನ ಗಂಡ ಇರೋ ಜಾಗ ಈಗ ಯಾವ ಸರ್ಕಾರದ್ದು? ಆ ಸರ್ಕಾರದ ಪತ್ರ ತಗೊಂಡು ಬಾ,” ಎಂದಿರಿ ನೀವು.

“ಅದು ತೀರ್ಮಾನ ಆಗವಲ್ದಂತಲೇ ಅವ್ರು ಬಡದಾಡಾಕತ್ತಾರ್ರಿ ಸಾಹೇಬ್ರ. ಅವ್ರಿಗೇ ಗೊತ್ತಿಲ್ಲ, ನಾ ಹ್ಯಾಂಗ ಹೇಳ್ಲಿ?” ಎಂದಳು ಧೂಳಮ್ಮ.

ನಿಮ್ಮ ಗುಮಾಸ್ತರು ನಕ್ಕರು. ನೀವು ನಗಲಿಲ್ಲ, ನಿಯಮ ಓದಿದಿರಿ.

ಕಳೆದ ತಿಂಗಳು ಬಸವಕಲ್ಯಾಣದ ಲಾರಿ ಡ್ರೈವರ್ ಇಸ್ಮಾಯಿಲ ಅಲ್ಲಿಂದ ಪಾರಾಗಿ ಬಂದ. ಕಂಪನಿಯ ಸಾಹೇಬರು ವಿಮಾನ ಹತ್ತಿ ಓಡಿದ ಮೇಲೆ ನಮ್ಮ ಕಡೆಯ ಹದಿನೆಂಟು ಮಂದಿ ಅವನ ಲಾರಿ ಹತ್ತಿದರಂತೆ. ಪಂಡರಿ ಹತ್ತಲಿಲ್ಲ. ಓದುಬರಹ ಬಾರದ ಅವನು ಒಂದು ಕ್ಯಾಸೆಟ್ಟಿನಲ್ಲಿ ಮಾತಾಡಿ ಇಸ್ಮಾಯಿಲನ ಕೈಗಿಟ್ಟ. ಅದನ್ನು ನಿಮ್ಮೆದುರೇ ಹಾಕಿದೆವು. ನೀವು ಆಗ ಚಹಾ ಕುಡಿಯುತ್ತಿದ್ದಿರಿ, ಕಿವಿಗೆ ಬಿತ್ತೋ ಇಲ್ಲವೋ, ಮತ್ತೆ ಬರೆಯುತ್ತೇನೆ:

“ಏ ಧೂಳಿ, ನಾ ಆರಾಮಿದ್ದೀನಿ. ಇಲ್ಲಿ ಹೊಲದ ಧಣಿ ಯಾರಂತ ಕೈಸನ್ನಿ ಮಾಡಿ ಕೇಳ್ದೆ. ಬಂದೂಕದಾಂವ ಒಬ್ಬ ಎದಿ ತಟ್ಟಿ ತೋರ್ಸಿದ. ಹದಿನೈದು ದಿನ ಬಿಟ್ಟು ಇನ್ನೊಂದು ಟೊಪಗಿಯಾಂವ ಬಂದು ಅಂವನೂ ಎದಿ ತಟ್ಟಿದ. ನಮ್ಮ ಕಡಿ ಹೊಲದಾಗ ಕುರಿ ನಿಲ್ಸಿದ್ರ ಗೊಬ್ಬರ ಆತಂತ ಧಣಿ ಜ್ವಾಳ ಕೊಡ್ತಾನ. ಇಲ್ಲಿ ಧಣಿನೇ ಕುರಿ ಕಡಕೊಂಡು ತಿಂತಾನ. ಇಸ್ಮಾಯಿಲ ಭಾಯಿ ಗಾಡಿ ಹತ್ತು ಹತ್ತು ಅನ್ನಾಕತ್ತಾನ. ಕುರಿ ಎಣಿಸಿ ಕೊಟ್ಟಾರ ನನ್ನ ಕೈಯಾಗ. ಇನ್ನೂರ ಹನ್ನೆರಡು ಉಳದಾವ. ಎಣಿಸಿ ತಗೊಳ್ಳಾಕ ಒಬ್ಬಾಂವ ಬರ್ಲಿ, ಮರುದಿನ ಹೊಂಟು ಬರ್ತೀನಿ. ನಮ್ಮ ಮಂದ್ಯಾಗ ಯಾರರೆ ಹಂಗ ಬಿಟ್ಟು ಬಂದಾರೇನು?”

ಇದು ಕುರಿಗಾರರ ರೂಢಿ, ಮಾನ್ಯರೇ. ಪರರ ಕುರಿ ಎಣಿಸಿಕೊಂಡವನು ಎಣಿಸಿ ಒಪ್ಪಿಸುವ ತನಕ ಕದಲುವುದಿಲ್ಲ. ಮೂರ್ಖತನ ಎನ್ನುತ್ತೀರಾ? ನಾನೂ ಅಂದೆ, ಧೂಳಮ್ಮನ ಮುಖದೆದುರೇ ಅಂದೆ. ಅವಳು ಸಿಟ್ಟಾಗಲಿಲ್ಲ. “ಅಂವ ಬಿಟ್ಟು ಬಂದಿದ್ರ ನಾನೂ ಬೈತಿದ್ದೆನ್ರಿ. ಬೈಸ್ಕೊಳ್ಳಾಕರೆ ಅಂವ ಬರಬೇಕಲ್ರಿ,” ಎಂದಳು.

ಇದಕ್ಕೆ ನಿಮ್ಮ ಹಿಂಬರಹ: ‘ಸದರಿ ವ್ಯಕ್ತಿಯು ಸ್ವಇಚ್ಛೆಯಿಂದ ಯುದ್ಧಪ್ರದೇಶದಲ್ಲಿ ಉಳಿದಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.’ ಸ್ವಇಚ್ಛೆ! ಎಣ್ಣೆ ಹೀರಿದ ಕಂಪನಿ ಓಡಿತು, ಗೆದ್ದ ಸೇನೆ ಓಡಿತು, ಸೋತ ಸೇನೆಯೂ ಓಡಿತು. ಕೈಗೆ ಕೊಟ್ಟದ್ದನ್ನು ಬಿಡದೆ ನಿಂತವನು ಅಲ್ಲಿ ಅವನೊಬ್ಬ. ಅವನ ಕಡತವನ್ನೇ ಹುಡುಕಿ ಮುಚ್ಚಿದಿರಲ್ಲ! ಪಂಡರಿಯನ್ನು ಸರ್ಕಾರ ನಿಮ್ಮ ಕೈಗೆ ಕೊಟ್ಟಿತ್ತು. ನೀವು ಅವನನ್ನು ಯಾರಿಗೆ ಎಣಿಸಿ ಒಪ್ಪಿಸಿದಿರಿ?

ನಮ್ಮ ಜನರನ್ನು ಕರೆತರುವ ಕೊನೆಯ ಹಡಗು ಇದೇ ಇಪ್ಪತ್ತೆಂಟಕ್ಕೆ ಅಲ್ಲಿಂದ ಹೊರಡುತ್ತದೆ. ಪಂಡರಿಯ ಹೆಸರು ಪಟ್ಟಿಗೆ ಸೇರಬೇಕು. ರಾಯಭಾರ ಕಚೇರಿಗೆ ತಂತಿ ಹೋಗಬೇಕು. ಕಂಪನಿಯ ಒಬ್ಬ ಆಳು, ಇಲ್ಲವೇ ಅಂದು ಆ ಬಾವಿ ಯಾರ ಕೈಯಲ್ಲಿರುತ್ತದೋ ಅವರ ಒಬ್ಬ ಸಿಪಾಯಿ, ಆ ಕುರಿಗಳನ್ನು ಎಣಿಸಿ ತೆಗೆದುಕೊಳ್ಳಲಿ. ಅರ್ಧ ಗಂಟೆಯ ಕೆಲಸ. ಅಷ್ಟಾದರೆ ಪಂಡರಿ ತಾನೇ ನಡೆದು ಬಂದರಿಗೆ ಬರುತ್ತಾನೆ.

ಸೋಮವಾರದೊಳಗೆ ತಂತಿ ಹೋಗದಿದ್ದರೆ ಕೊಹಿನೂರು, ರಾಜೇಶ್ವರದ ಕುರಿಗಾರರು ಇನ್ನೂರ ಹನ್ನೆರಡು ಕುರಿ ಹೊಡೆದುಕೊಂಡು ನಿಮ್ಮ ಕಚೇರಿಯ ಅಂಗಳಕ್ಕೆ ಬರುತ್ತಾರೆ. ಅಂದು ಕುರಿಗಾರರ ಸಭೆ ಅಲ್ಲೇ. ಧೂಳಮ್ಮ ಒಂದೊಂದಾಗಿ ಎಣಿಸಿ ನಿಮ್ಮ ಕೈಗೆ ಒಪ್ಪಿಸುತ್ತಾಳೆ. ಆಮೇಲೆ ನಾವೆಲ್ಲ ಮನೆಗೆ ಹೋಗುತ್ತೇವೆ. ನೀವು ಸ್ವಇಚ್ಛೆಯಿಂದ ಉಳಿಯಿರಿ.

ಇಂತಿ,
ಧೂಳಮ್ಮನಿಗೆ ಐದು ಅರ್ಜಿ ಬರೆದುಕೊಟ್ಟು ಐದು ಹಾಳೆ ಕೆಡಿಸಿದವನು,
ಸೂರ್ಯಕಾಂತ

ಸಭೆಯ ಹೊತ್ತು: ಮಾರ್ಚ್ ೧೬, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ.